ಹಾಸಿಗೆಯವನ ಮನೆಯ ಸದ್ದು

೧

ಕೊಲೆಯಿಂದ ಶುರು ಮಾಡಲೇ, ಮದುವೆಯಿಂದಲೇ? ಮೊದಲ ಪುಟದಲ್ಲೇ ರಕ್ತ ಕಾಣಬೇಕು ಎಂದಿದ್ದಾರೆ ಪ್ರಕಾಶಕರು. ನಾನೋ ನಿಧಾನದ ಆಸಾಮಿ. ಮೊದಲ ಪುಟದಲ್ಲಿ ಬಾಗಿಲು ತಟ್ಟಿದರೆ ಮೂರನೆಯ ಪುಟಕ್ಕೆ ಒಳಗೆ ಕಾಲಿಡುವವನು. ಆದರೂ ಪ್ರಯತ್ನಿಸಿದೆ:

"ಊರಿನ ಅಂಚಿನ ಬಡಾವಣೆಯ ಕೊನೆಯ ಸಾಲಿನಲ್ಲಿ, ಮಟಮಟ ಮಧ್ಯಾಹ್ನ, ಹಾಸಿಗೆ ಹೊಲಿಯುವವನೊಬ್ಬ ಹತ್ತಿ ಬಡಿಯುವ ಕೋಲಿನಿಂದ ತನ್ನ ಹೆಂಡತಿಯನ್ನು ಹೊಡೆದು ಕೊಂದ."

ಓದಿದಿರಲ್ಲ? ನಡೆದದ್ದು ಇಷ್ಟೇ. ಕೊಂದವನು ಯಾರೆಂದು ತಲೆ ಕೆಡಿಸಿಕೊಳ್ಳುವ ಸುಖ ನಿಮಗಿಲ್ಲ. ಅವನೇ ಠಾಣೆಗೆ ನಡೆದುಹೋಗಿ ಬೆಂಚಿನ ಮೇಲೆ ಕುಳಿತ. ಈಗ ಜೈಲಿನಲ್ಲಿದ್ದಾನೆ. ಪುಸ್ತಕ ಇಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಅವನ ತಾಯಿ ನನ್ನ ಕರಡನ್ನು ಒಪ್ಪಲಿಲ್ಲ.

೧ (ಮತ್ತೆ)

ಆ ಮನೆಯಲ್ಲಿ ಈಗ ಇಬ್ಬರೇ. ಆ ತಾಯಿ, ಮತ್ತು ಹನ್ನೊಂದು ವರ್ಷದ ಮೊಮ್ಮಗಳು. ಅಜ್ಜಿ ಉಳಿದ ಹತ್ತಿಯಲ್ಲಿ ದಿಂಬು ತುಂಬುತ್ತಾಳೆ. ಅಕ್ಷರ ಬಾರದವಳು. ಹುಡುಗಿ ಸ್ಕೂಲಿಗೆ ಹೋದ ಹೊತ್ತಿನಲ್ಲಿ ನಾನು ಹೋಗಿ ಕರಡನ್ನು ಓದಿ ಹೇಳುತ್ತೇನೆ.

"ಏನು ಬರೆಯೋರೇ, ಕೋಲಿಂದ ಶುರು ಮಾಡಿದ್ದೀರಿ? ನನ್ನ ಸೊಸೆ ಎಲ್ಲಿ?"

"ಇದ್ದಾಳಲ್ಲ ಅಜ್ಜಿ, ಮೊದಲ ಸಾಲಲ್ಲೇ."

"ಅಲ್ಲಿರೋದು ಹೆಣ. ಹದಿಮೂರು ವರ್ಷ ನನ್ನ ಜೊತೆ ಜಗಳ ಆಡಿದೋಳು ಎಲ್ಲಿ ಅಂತ ಕೇಳಿದ್ದು."

೨

ಹಾಗಾದರೆ ಅವಳಿಂದಲೇ. ಅಜ್ಜಿ ಅವಳನ್ನು ಕರೆಯುತ್ತಿದ್ದದ್ದು 'ಗಿರಗಿಟ್ಲೆ' ಎಂದು. ಒಂದು ಕಡೆ ನಿಂತವಳಲ್ಲ. ಗಂಡ ಹತ್ತಿ ಬಡಿದು ಹರಡಿದರೆ ಇವಳು ಮಿಷನ್ನಿನಲ್ಲಿ ಹಾಸಿಗೆಯ ಗವಸು ಹೊಲಿದು ಮುಗಿಸಿರುತ್ತಿದ್ದಳು. ಊರಿಗೆ ಫೋಮ್ ಹಾಸಿಗೆ ಬಂತು. ಹತ್ತಿಯ ಹಾಸಿಗೆ ಕೇಳುವವರು ಕಡಿಮೆಯಾದರು. ಗಿರಗಿಟ್ಲೆ ಹೋಗಿ ಆ ಫೋಮಿನ ಅಂಗಡಿಯಲ್ಲೇ ಸೇಲ್ಸ್ ಕೆಲಸಕ್ಕೆ ಸೇರಿಕೊಂಡಳು. ಗಿರಾಕಿಗಳೆದುರು ತಾನೇ ಮಲಗಿ ತೋರಿಸುತ್ತಿದ್ದಳಂತೆ. ಒಂದು ಸಲ ನಿಜವಾಗಿಯೂ ನಿದ್ದೆ ಹೋದಳು. ಗಿರಾಕಿ, "ಎಬ್ಬಿಸಬೇಡಿ, ಇದನ್ನೇ ಪ್ಯಾಕ್ ಮಾಡಿ" ಅಂದನಂತೆ.

ಅಜ್ಜಿ ಇದನ್ನು ಹೇಳುವಾಗ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾಳೆ. ಮಗ ನಕ್ಕಿರಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಸುಮ್ಮನೆ ಕುಳಿತ.

(ಓದುಗರೇ, ಮೋಟಿವ್ ಸಿಕ್ಕಿತೆಂದು ನಿಮಗೆ ಸಮಾಧಾನವಾಗಿರಬೇಕು. ನನಗೂ ಆಗಿತ್ತು. "ಫೋಮು ಒಂದು ಸಂಸಾರವನ್ನು ನುಂಗಿತು" ಎಂದು ಒಂದು ವಾಕ್ಯ ಬರೆದು, ಅದರ ಚೆಂದಕ್ಕೆ ನಾನೇ ತಲೆದೂಗಿ, ಟೀ ಕುಡಿದು ಬಂದಿದ್ದೆ.)

"ಫೋಮು ಎಲ್ಲರ ಊರಿಗೂ ಬಂತು," ಅಂದಳು ಅಜ್ಜಿ. "ಎಲ್ಲರೂ ಹೆಂಡತಿನ ಕೊಂದ್ರಾ? ಹೊಡೆದದ್ದು ನನ್ನ ಮಗ. ಫೋಮ್ ಅಲ್ಲ."

ವಾಕ್ಯವನ್ನು ಹೊಡೆದುಹಾಕಿದೆ.

೩

(ಈ ಭಾಗವನ್ನು ಕೈಬಿಟ್ಟಿದ್ದೇನೆ. ಅದರಲ್ಲಿ ಕೊಂದವನ ಬಾಲ್ಯವಿತ್ತು. ಅಜ್ಜಿ ಕೇಳಿ, "ಅವನಿಗೆ ನಾನೇನು ಕಡಿಮೆ ಮಾಡಿದ್ದೆ ಅಂತ ಇಷ್ಟು ಗೋಳು?" ಅಂದಳು.)

೪

"ಘಟನೆಯ ಹೊತ್ತಿಗೆ ಕೊಲೆಗಾರನ ತಾಯಿ ಹಿಟ್ಟಿನ ಗಿರಣಿಗೆ ಹೋಗಿದ್ದರು." ಪೊಲೀಸರ ಕಾಗದದಲ್ಲಿದ್ದದ್ದನ್ನೇ ಬರೆದಿದ್ದೆ. ಓದುತ್ತಿದ್ದಂತೆ ಅಜ್ಜಿಯ ಕೈ ದಿಂಬಿನೊಳಗೇ ನಿಂತಿತು.

"ಅದನ್ನ ತೆಗೀರಿ."

"ಯಾಕಜ್ಜಿ?"

"ನಾನು ಹೋಗಿರಲಿಲ್ಲ, ಪೊಲೀಸರಿಗೆ ಹಾಗೆ ಹೇಳಿದ್ದೆ ಅಷ್ಟೇ. ಇಲ್ಲೇ ಜಗಲಿ ಮೇಲೆ ಸೊಪ್ಪು ಬಿಡಿಸ್ತಾ ಕೂತಿದ್ದೆ. ಒಳಗೆ ಧಪ್ ಅಂತು. ಆಮೇಲೆ ಮತ್ತೆ ಧಪ್ ಅಂತು. ಸದ್ಯ, ನನ್ನ ಮಗ ಕೆಲಸಕ್ಕೆ ಕೂತ ಅಂದ್ಕೊಂಡೆ. ಖುಷಿ ಆಯ್ತು ಕಣ್ರೀ ನನಗೆ."

ಪಕ್ಕದ ಮನೆಯಾಕೆಯೂ ಹಾಗೇ ಅಂದುಕೊಂಡು, ಹತ್ತಿಯ ಧೂಳು ಬರುತ್ತದೆಂದು ಕಿಟಕಿ ಮುಚ್ಚಿದ್ದಳು.

"ಅವಳು ಕೂಗಲಿಲ್ಲವೇ?"

"ಒಂದು ಮಾತೂ ಬರಲಿಲ್ಲ. ಅವಳು ಮಾತಾಡದೇ ಇದ್ದದ್ದು ಅದೊಂದೇ ಸಲ."

ಅಜ್ಜಿ ದಿಂಬಿಗೆ ಇನ್ನೊಂದು ಹಿಡಿ ಹತ್ತಿ ತುರುಕಿದಳು. ಆಮೇಲೆ ಉಳಿದದ್ದನ್ನೂ ಹೇಳಿದಳು. ಸತ್ತವಳ ಅಣ್ಣ, ಅಂದರೆ ಹುಡುಗಿಯ ಸೋದರಮಾವ, ಮಗುವನ್ನು ಇಲ್ಲಿ ಬಿಟ್ಟಿರುವುದೇ ಗಿರಣಿಯ ಮಾತನ್ನು ನಂಬಿ. "ನೀವು ಮನೇಲಿದ್ದಿದ್ರೆ ನನ್ನ ತಂಗಿ ಉಳೀತಿದ್ಲು ಅತ್ತೆ" ಎಂದು ಅಜ್ಜಿಯ ಕೈ ಹಿಡಿದು ಅತ್ತಿದ್ದನಂತೆ. ಅವನು ಓದು ಬಲ್ಲವನು. ಪುಸ್ತಕ ಬಂದರೆ ಮೊದಲು ಓದುವವನೇ ಅವನು.

೫

ನಾನು ಸತ್ಯಕ್ಕಾಗಿ ಪ್ರಾಣ ಬಿಡುವ ಜಾತಿಯವನಲ್ಲ. ಅಂಗಡಿಯವನು ಸೀರೆ ಬಿಚ್ಚಿ ಹರವಿದ ಹಾಗೆ ಅವಳ ಮುಂದೆ ಬೇರೆ ಬೇರೆ ಕೊನೆಗಳನ್ನು ಹರವಿದೆ.

ಒಂದು: ಗಿರಣಿ ಹಾಗೇ ಇರಲಿ. ಯಾರಿಗೂ ನಷ್ಟವಿಲ್ಲ.

ಇನ್ನೊಂದು: ಮೊದಲ ಸದ್ದಿಗೇ ಅಜ್ಜಿ ಎದ್ದಳು. ಸೊಪ್ಪು ಚೆಲ್ಲಿತು. ಬಾಗಿಲು ತಳ್ಳಿ ಮಗನ ಮುಂಗೈ ಹಿಡಿದಳು. ಸೊಸೆ ಹಣೆ ಒತ್ತಿಕೊಂಡು ಎದ್ದು, "ಅತ್ತೆ, ಇವತ್ತೂ ನೀವು ನಿಮ್ಮ ಮಗನ ಕಡೆಗೇನಾ?" ಅಂದಳು.

ಇದನ್ನು ಅಜ್ಜಿ ಎರಡು ಸಲ ಓದಿಸಿಕೊಂಡಳು. ಎರಡನೆಯ ಸಲ ಸೊಸೆಯ ಮಾತು ಬಂದಾಗ, "ಇಲ್ಲ ಕಣೇ, ನಿನ್ನ ಕಡೆ" ಎಂದು ಹಾಳೆಗೇ ಉತ್ತರ ಕೊಟ್ಟಳು. ಆಮೇಲೆ ಮೂಗು ಒರೆಸಿಕೊಂಡು, "ಚೆನ್ನಾಗಿದೆ. ನೀವೇ ಇಟ್ಕೊಳ್ಳಿ. ಪುಸ್ತಕಕ್ಕೆ ಬೇಡ" ಅಂದಳು.

"ಹಟ ಯಾಕಜ್ಜಿ? ಮೊಮ್ಮಗಳು ಕೈ ಬಿಟ್ಟು ಹೋಗ್ತಾಳೆ."

"ದಿನಾ ಜಡೆ ಹಾಕುವಾಗ ಕೇಳ್ತಾಳೆ, 'ಅಜ್ಜಿ, ನೀನು ಗಿರಣಿಗೆ ಹೋಗದೇ ಇದ್ದಿದ್ರೆ ಅಮ್ಮ ಇರ್ತಿದ್ಲು ಅಲ್ವಾ?' ಅಂತ. ನಾನು ಹೂಂ ಅಂತೀನಿ. ಕೂದಲು ಬಿಗಿಯಾಗಿ ಎಳೆದುಬಿಡ್ತೀನಿ. 'ಎಳೀಬೇಡ ಅಜ್ಜಿ' ಅಂತಾಳೆ. ಇನ್ನು ಎಷ್ಟು ದಿನ ಎಳೀಲಿ?"

"ನಾನೇ ಅವಳಿಗೆ ಹೇಳಲೇ?"

"ನೀವು ಹೇಳಿದ್ರೆ ಅದು ಕಥೆ ಆಗುತ್ತೆ. ನಂಗೆ ಹೇಳೋಕೆ ಬಾಯಿ ಬರಲ್ಲ. ಬರೆದು ಕೊಡಿ, ಅವಳೇ ಓದಲಿ, ನಾನು ಎದುರಿಗೆ ಕೂತಿರ್ತೀನಿ. ಓದಿ ಅವಳು ಹೂಂ ಅಂದ್ರೆ ಅಚ್ಚು ಹಾಕಿ. ಇಲ್ಲ ಅಂದ್ರೆ ಒಲೆಗೆ ಹಾಕಿ."

೮

(ಆರು, ಏಳು ಇಲ್ಲ. ಆ ಎರಡರಲ್ಲೂ ಅಜ್ಜಿಯ ಮನಸ್ಸು ಬದಲಿಸಲು ನೋಡಿ ಸೋತಿದ್ದೇನೆ.)

ಸ್ಕೂಲಿಂದ ಬಂದ ಹುಡುಗಿ ಕೈಕಾಲು ತೊಳೆದು, ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಪಾಠದಂತೆ ಜೋರಾಗಿ ಓದತೊಡಗಿದಳು. ಅಜ್ಜಿ ಎದುರಿಗೆ, ನಾನು ಬಾಗಿಲ ಬಳಿ.

ನಿದ್ದೆಯ ಪ್ರಸಂಗ ಬಂದಾಗ ನಿಲ್ಲಿಸಿದಳು. "ಅಂಕಲ್, ಅಮ್ಮ ಗೊರಕೆ ಹೊಡೀತಿದ್ಲು. ಅದನ್ನ ಬರೆದೇ ಇಲ್ಲ ನೀವು."

"ಸೇರಿಸ್ತೀನಿ."

"ಜೋರಾಗಿ ಅಂತ ಸೇರಿಸಿ."

ಅಜ್ಜಿ, ಮೊಮ್ಮಗಳು ಇಬ್ಬರೂ ನಕ್ಕರು. ಆ ನಗುವಿನಲ್ಲೇ ಹುಡುಗಿ ಹಾಳೆ ಮಗುಚಿದಳು. "ಆ ಮಧ್ಯಾಹ್ನ ಅಜ್ಜಿ ಗಿರಣಿಗೆ ಹೋಗಿರಲಿಲ್ಲ," ಎಂದು ಓದಿ, ಬೆರಳನ್ನು ಸಾಲಿನ ಮೇಲಿಟ್ಟುಕೊಂಡೇ ತಲೆ ಎತ್ತಿದಳು.

"ಓದು ಪುಟ್ಟಿ," ಅಂದಳು ಅಜ್ಜಿ. "ಮುಂದೆ ಓದು. ನಾನು ಇಲ್ಲೇ ಇದ್ದೀನಿ."

ನಾನು ಎದ್ದು ಹೊರಗೆ ಬಂದೆ. ಬರೆಯುವವನು ಕೂತು ನೋಡಬೇಕಿತ್ತು ಎನ್ನುತ್ತೀರಿ. ಕೊಲೆಯಾಗಿದ್ದರೆ ನೋಡುತ್ತಿದ್ದೆನೋ ಏನೋ.

ಇದು ಅಚ್ಚಾಗಿ ನಿಮ್ಮ ಕೈಗೆ ಬಂದಿದೆ, ಅಂದಮೇಲೆ ಹುಡುಗಿ ಹೂಂ ಅಂದಿದ್ದಾಳೆ ಎಂದು ನೀವು ಊಹಿಸಿದ್ದೀರಿ. ಸರಿಯೇ. ಮೂರು ದಿನ ಬಿಟ್ಟು ತಾನೇ ಬಂದು ಹಾಳೆಗಳನ್ನು ಕೊಟ್ಟು, ಹೂಂ ಅಂದು ಹೋದಳು. ಬಂದವಳು ಅಜ್ಜಿಯ ಮನೆಯಿಂದ ಬಂದಳೋ ಮಾವನ ಮನೆಯಿಂದಲೋ, ನಾನು ಕೇಳಲಿಲ್ಲ. ಅವಳ ಜಡೆಯನ್ನು ನೋಡಿದ್ದರೆ ಯಾರು ಹಾಕಿದ್ದೆಂದು ಗೊತ್ತಾಗುತ್ತಿತ್ತು. ಅವಳು ತಿರುಗಿ ಹೋಗುವಾಗ ನಾನು ಹಾಳೆಗಳನ್ನು ನೋಡುತ್ತಿದ್ದೆ.