ಬೆಳಗಿನ ಜಾವ ಹೇಳಬೇಕಾದ ಮಾತು

ಯೆಶಿಮೆಬೆಟ್ ಅಜ್ಜಿಯ ಕಪ್ಪು ಬಟ್ಟೆಯನ್ನು ಬೆಳಿಗ್ಗೆಯೇ ಬಿಚ್ಚಿಸಿ, ಪಕ್ಕದ ಮನೆಯ ಅಸ್ನಾಕೆಚ್ ತನ್ನ ಕೆಂಪಂಚಿನ ಬಿಳಿ ಶಾಲನ್ನು ಹೊದಿಸಿದ್ದಳು. ಮಗಳು ಮುಲುವರ್ಕ್ ತೀರಿಕೊಂಡು ಏಳು ತಿಂಗಳಾಗಿತ್ತು. ವರ್ಷ ತುಂಬುವ ತನಕ ಕಪ್ಪು ಬಿಡುವುದಿಲ್ಲವೆಂದು ಮಾತೆ ಮರಿಯಮ್ಮನ ಮುಂದೆ ಹೇಳಿಕೊಂಡಿದ್ದ ಮುದುಕಿ ಈಗ ಮದುವೆಗೆ ಹೊರಟವಳ ಹಾಗೆ ಕುಳಿತಿದ್ದಳು.

"ಒಂದೇ ದಿನ ಕಣಮ್ಮ," ಎಂದ ಮಗ ಗಿಜಾಚೆವ್. "ನಾಳೆ ಬೆಳಗಿನ ಜಾವ ಹಿರಿಯರು ಬಂದು ಪದ್ಧತಿ ಪ್ರಕಾರ ಹೇಳ್ತಾರೆ. ಆಮೇಲೆ ಬೇಕಾದ್ರೆ ಮೂರು ಕಪ್ಪು ಸುತ್ಕೋ."

"ಮುಲುವರ್ಕಳ ಮಗು ಬರ್ತಿರೋದು ಅವರಮ್ಮನ್ನ ನೋಡೋಕೆ ಕಣೋ."

"ಹಾಗಂತ ಬಾಗಿಲಲ್ಲೇ ನಿಲ್ಲಿಸಿ ಹೇಳೋಕಾಗುತ್ತಾ?"

ದೆಬ್ರೆ ಬಿರ್ಹಾನ್ ಊರಿನಲ್ಲಿ ಸಾವಿನ ಸುದ್ದಿಯನ್ನು ಪತ್ರದಲ್ಲಿ ಬರೆಯುವವರನ್ನು, ಫೋನಿನಲ್ಲಿ ಹೇಳುವವರನ್ನು ಮನುಷ್ಯರೆಂದು ಎಣಿಸುವುದಿಲ್ಲ. ದೂರದಲ್ಲಿದ್ದವರು ಮನೆಗೆ ಬಂದು, ಉಂಡು, ಮಲಗಿ ಎದ್ದ ಮೇಲೆ, ಬೆಳಕು ಹರಿಯುವ ಮುಂಚೆ ನಾಲ್ವರು ಹಿರಿಯರು ಬಾಗಿಲು ತಟ್ಟಬೇಕು. ಒಬ್ಬರು ಹೇಳುವಾಗ ಹಿಡಿದುಕೊಳ್ಳಲು ಇನ್ನೊಬ್ಬರು ಪಕ್ಕದಲ್ಲಿರಬೇಕು. ಅಜ್ಜಿಯೂ ಎಷ್ಟೋ ಮನೆಗಳಲ್ಲಿ ಹಾಗೆ ಹಿಡಿದುಕೊಂಡವಳೇ. ಆದರೆ ಮಗ ಏಳು ತಿಂಗಳಿಂದ ಹಾಲೆಂಡಿಗೆ "ದೇವರ ದಯೆಯಿಂದ ಎಲ್ಲರೂ ಕ್ಷೇಮ" ಎಂದು ಬರೆಸುತ್ತಿದ್ದನೆಂಬುದು ಅವಳಿಗೆ ತಿಳಿದದ್ದು ಹೋದ ವಾರ. ಅಷ್ಟರಲ್ಲಿ ಆ ಕಡೆಯವರು ಹೊರಟಾಗಿತ್ತು.

ಹನ್ನೊಂದು ವರ್ಷದ ಹಿಂದೆ, ಗಂಡನನ್ನು ಕಳೆದುಕೊಂಡು ತಾನೂ ಹಾಸಿಗೆ ಹಿಡಿದಿದ್ದಾಗ, ಮುಲುವರ್ಕ್ ಎರಡು ವರ್ಷದ ಸೆಲಾಮಾವಿಟ್‌ಳನ್ನು ಹಾಲೆಂಡಿನವರಿಗೆ ದತ್ತು ಕೊಟ್ಟಿದ್ದಳು. ಇನ್ನು ಬದುಕುವುದಿಲ್ಲ ಎಂದುಕೊಂಡವಳು ಬದುಕಿಬಿಟ್ಟಳು. ಬದುಕಿದ ಅಷ್ಟು ದಿನವೂ, ಕೊಟ್ಟೆನಲ್ಲಾ ಎಂದು ಕೊರಗಿದಳು. ಮಗುವಿನ ಮುಖ ತೋರಿಸು ತಾಯಿ ಎಂದು ಅಜ್ಜಿ, ಮುಲುವರ್ಕ್ ಇಬ್ಬರೂ ಮರಿಯಮ್ಮನಿಗೆ ಹರಕೆ ಹೊತ್ತಿದ್ದರು. ಈಗ ಮುಖ ಬರುತ್ತಿತ್ತು. ಅದನ್ನು ಎದುರುಗೊಳ್ಳಲು ಅಜ್ಜಿಗೆ ಕೊಟ್ಟಿದ್ದು ಒಂದು ಸುಳ್ಳು.

ಮಧ್ಯಾಹ್ನದ ಹೊತ್ತಿಗೆ ಕಾರು ಬಂತು. ಮೊದಲು ಇಳಿದವನು ದುಬಾಷಿ ಸುರಾಫೆಲ್, ಮೂವತ್ತರ ಆಸುಪಾಸಿನ ನಯದ ಮನುಷ್ಯ. ಹಿಂದೆಯೇ ಸಾಕುತಾಯಿ ಹೆನ್ನೆಕೆ. ಉದ್ದನೆಯ, ಕೆಂಪು ಕೆನ್ನೆಯ ಹೆಂಗಸು. ಆಮೇಲೆ ಹುಡುಗಿ. ಹಣೆ ಮುಲುವರ್ಕಳದೇ. ಸಿಟ್ಟು ಬಂದ ಹಾಗೆ ಕಾಣುವ ಆ ಹುಬ್ಬೂ ಅವಳದೇ. ಅಜ್ಜಿ ಅಪ್ಪಿಕೊಂಡಳು. ಅಪ್ಪಿಕೊಂಡವಳು ಅಳುವ ಹಾಗಿರಲಿಲ್ಲ. ಗಿಜಾಚೆವ್ ಕಣ್ಣಲ್ಲೇ ಹೆದರಿಸುತ್ತಿದ್ದ. ಹುಡುಗಿ ಅಜ್ಜಿಯ ಭುಜದ ಮೇಲಿಂದಲೇ ಕೋಣೆಯಲ್ಲಿದ್ದ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡುತ್ತಿದ್ದಳು.

"ಎಮಾಯೆ?" ಎಂದಳು. ಅಮ್ಮ ಎಂಬ ಆ ಒಂದು ಮಾತನ್ನು ಕಲಿತು ಬಂದಿದ್ದಳು.

"ಅಮ್ಮ ಪುಣ್ಯತೀರ್ಥಕ್ಕೆ ಹೋಗಿದಾಳೆ," ಎಂದ ಗಿಜಾಚೆವ್. "ನಾಳೆ ಬರ್ತಾಳೆ."

"ಭಾನುವಾರ," ಎಂದಳು ಅದೇ ಉಸಿರಿನಲ್ಲಿ ಅಸ್ನಾಕೆಚ್. ಆಮೇಲೆ ಒಲೆಯ ಕಡೆ ತಿರುಗಿ ಬಿಕ್ಕಿದಳು.

"ಈರುಳ್ಳಿ," ಎಂದು ಗಿಜಾಚೆವ್ ಸುರಾಫೆಲ್‌ಗೆ ಹೇಳಿದ. "ಈರುಳ್ಳಿ ಅಂತ ಹೇಳು."

ಅಜ್ಜಿ ಹಲ್ಲು ಕಚ್ಚಿದಳು. ಸುಳ್ಳು ಹೇಳುವುದಾದರೆ ಇಬ್ಬರೂ ಸೇರಿ ಒಂದನ್ನೇ ಹೇಳಬಾರದೇ.

ಊಟ ಬಂತು. ಕೆಟ್ಟ ಸುದ್ದಿ ಕೇಳಲಿರುವವರ ಹೊಟ್ಟೆ ತುಂಬಿರಬೇಕೆಂಬುದೂ ಪದ್ಧತಿಯೇ. ಅಸ್ನಾಕೆಚ್ ಇಂಜೆರಾ ರೊಟ್ಟಿಯಲ್ಲಿ ಕೋಳಿಸಾರನ್ನು ಸುತ್ತಿ ಸುತ್ತಿ ಹುಡುಗಿಯ ಬಾಯಿಗೆ ತುರುಕತೊಡಗಿದಳು. ಹೆನ್ನೆಕೆ ಒದ್ದೆ ಕಾಗದದಿಂದ ಹುಡುಗಿಯ ಕೈಯನ್ನು ಎರಡನೇ ಸಲ ಒರೆಸುತ್ತಿದ್ದಳು. ನಮ್ಮ ಕೈಯೇನು ಕೆಸರೇ, ಎಂದುಕೊಂಡಳು ಅಜ್ಜಿ. ನಾಲ್ಕನೆಯ ತುತ್ತಿಗೆ ಹುಡುಗಿ ಮುಖ ತಿರುಗಿಸಿ ಏನೋ ಹೇಳಿದಳು.

"ಅಮ್ಮ ಬಂದ ಮೇಲೆ ತಿಂತೀನಿ ಅಂತಾಳೆ," ಎಂದ ಸುರಾಫೆಲ್. "ಫೋನಾದ್ರೂ ಮಾಡಿಕೊಡಿ ಅಂತಾಳೆ."

"ತೀರ್ಥದ ಜಾಗದಲ್ಲಿ ಫೋನು ಹತ್ತಲ್ಲ," ಎಂದ ಗಿಜಾಚೆವ್.

"ಸುರಾಫೆಲ್, ಇಲ್ಲಿ ಕೇಳು," ಎಂದಳು ಅಜ್ಜಿ. "ನಿಮ್ಮಮ್ಮ ಸತ್ತು ಏಳು ತಿಂಗಳಾಯ್ತು ಅಂತ ಅವಳಿಗೆ ಹೇಳು. ಹೀಗೇ ಹೇಳು."

ಸುರಾಫೆಲ್ ಒಮ್ಮೆ ಗಿಜಾಚೆವ್‌ನನ್ನು ನೋಡಿ, ಹುಡುಗಿಗೆ ನಗುನಗುತ್ತಾ ಏನೋ ಹೇಳಿದ. ಹುಡುಗಿಯೂ ಸ್ವಲ್ಪ ನಕ್ಕಳು.

"ಏನು ಹೇಳಿದೆ?"

"ನೀನು ಬಂದಿದ್ದು ಅಜ್ಜಿಗೆ ತುಂಬ ಸಂತೋಷ ಅಂತ."

"ನಿನ್ನ ನಾಲಿಗೇಗೆ ಹುಳ ಬೀಳ."

"ಅಜ್ಜಿ, ನನ್ನನ್ಯಾಕೆ ಬೈತೀರಿ? ಹಿರಿಯರು ಹೇಳಬೇಕಾದ್ದನ್ನ ನಾನು ಹೇಳಿದ್ರೆ ನಾಳೆ ಈ ಬೀದೀಲಿ ನಡೆಯೋಕಾಗುತ್ತಾ?"

"ನಾನು ಹಿರಿಯಳಲ್ವೇನೋ? ಎಪ್ಪತ್ತಾರು ವರ್ಷ ಏನು ಕತ್ತೆ ಕಾದೆನಾ?"

ಉತ್ತರಕ್ಕೆ ಕಾಯದೆ ಅವಳು ಎದ್ದಳು. ಹುಡುಗಿಯ ಕೈ ಹಿಡಿದು ಬಾಗಿಲು ದಾಟಿದಳು. ಮಂಡಿನೋವಿನ ಮುದುಕಿ ಇಷ್ಟು ಬೇಗ ನಡೆದಾಳೆಂದು ಯಾರೂ ಎಣಿಸಿರಲಿಲ್ಲ. ಹಿಂದೆ ಗಿಜಾಚೆವ್ ಕೂಗುತ್ತಾ ಬಂದ: "ಅಮ್ಮ, ಮಾನ ತೆಗೀಬೇಡ." ಅವನ ಹಿಂದೆ ಸುರಾಫೆಲ್, ಹೆನ್ನೆಕೆ, ಕೈಯಲ್ಲಿ ಸೌಟು ಹಿಡಿದ ಅಸ್ನಾಕೆಚ್.

ಬೀದಿಯ ಕೊನೆಗೆ ಮರಿಯಮ್ಮನ ಚರ್ಚು. ಅಜ್ಜಿ ಹೊಸ್ತಿಲಿಗೆ ಹಣೆ ಮುಟ್ಟಿಸಿ, ಹಿಂಬದಿಯ ಜೂನಿಪರ್ ಮರಗಳ ಕೆಳಗೆ ಹೋದಳು. ಅಲ್ಲಿ ಹೊಸ ಸಿಮೆಂಟಿನ ಒಂದು ಗೋರಿ ಇತ್ತು. ತಲೆಯ ಕಡೆ ಗಾಜಿನೊಳಗೆ ಮುಲುವರ್ಕಳ ಫೋಟೋ. ಅಜ್ಜಿ ಹುಡುಗಿಯ ಸೊಂಟವನ್ನು ಬಿಗಿಯಾಗಿ ಬಳಸಿ ನಿಂತಳು.

ಹುಡುಗಿ ಫೋಟೋವನ್ನು ಬಹಳ ಹೊತ್ತು ನೋಡಿದಳು. ಬೀಳಲಿಲ್ಲ, ಕಿರುಚಲಿಲ್ಲ. ಅಜ್ಜಿಯ ಕೈಯನ್ನು ಬಿಡಿಸಿಕೊಂಡು, ಎಲ್ಲರ ಕಡೆ ತಿರುಗಿ, ಆ ಹುಬ್ಬನ್ನು ಗಂಟಿಕ್ಕಿ ಮಾತಾಡಿದಳು. ಸುರಾಫೆಲ್ ತಲೆ ತಗ್ಗಿಸಿದ.

"ಈಗಲಾದ್ರೂ ಇದ್ದದ್ದು ಇದ್ದ ಹಾಗೆ ಹೇಳೋ," ಎಂದಳು ಅಜ್ಜಿ.

"ಯಾವಾಗ ಅಂತ ಕೇಳ್ತಾಳೆ. ಪತ್ರದಲ್ಲಿ ಚೆನ್ನಾಗಿದಾರೆ ಅಂತ ಯಾಕೆ ಬರೆದ್ರಿ ಅಂತಾಳೆ. ನಿಮಗೆಲ್ಲ ತಲೆ ಕೆಟ್ಟಿದೆಯಾ ಅಂತಾಳೆ."

"ಕೆಟ್ಟಿದೆ ಅನ್ನು. ಏಳು ತಿಂಗಳಾಯ್ತು, ಕಾಮಾಲೆ ಆಗಿತ್ತು ಅನ್ನು. ಸಾವಿನ ಸುದ್ದಿ ಒಬ್ಬಳೇ ಇರುವಾಗ ಕಿವಿಗೆ ಬೀಳಬಾರದು, ಹಿಡ್ಕೊಳ್ಳೋಕೆ ತನ್ನವರು ಯಾರಾದ್ರೂ ಇರ್ಬೇಕು, ಅದಕ್ಕೇ ಕಾದ್ವಿ ಅನ್ನು."

ಹುಡುಗಿ ಕೇಳಿಸಿಕೊಂಡಳು. ಆಮೇಲೆ ಹೆನ್ನೆಕೆಯ ಕಡೆ ಕೈತೋರಿಸಿ ಒಂದೇ ಮಾತು ಹೇಳಿದಳು.

"ನಾನು ಒಬ್ಬಳೇ ಎಲ್ಲಿದ್ದೆ ಅಂತ ಕೇಳ್ತಾಳೆ."

ಅಷ್ಟು ವರ್ಷ ಪ್ರಾರ್ಥಿಸಿದ ಅಜ್ಜಿಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ಅವಳ ಮನಸ್ಸಿನಲ್ಲಿ ಮಗು ಇಷ್ಟು ದಿನ ಯಾವುದೋ ದೂರದ ಊರಿನ ಬಾಗಿಲಲ್ಲಿ ಎರಡು ವರ್ಷದವಳಾಗಿ ಒಂಟಿಯಾಗಿಯೇ ನಿಂತಿತ್ತು.

ಈಗ ಹುಡುಗಿ ಹೆನ್ನೆಕೆಯ ಬಳಿಗೆ ಹೋದಳು. ಹೆನ್ನೆಕೆ ಕೆಂಪು ಮಣ್ಣಿನಲ್ಲೇ ಕುಳಿತು ಅವಳನ್ನು ಮಡಿಲಿಗೆ ಎಳೆದುಕೊಂಡಳು. ಹುಡುಗಿ ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಅತ್ತಳು. ಅವಳ ಬೆನ್ನು ನೀವುತ್ತಿದ್ದ ಆ ಹೆಂಗಸಿನ ಕೆನ್ನೆಯ ಮೇಲೂ ನೀರು ಇಳಿಯುತ್ತಿತ್ತು. ಮುಲುವರ್ಕ್ ಸತ್ತದ್ದಕ್ಕೆ ಅಳಲು, ಅವಳು ಕೊಟ್ಟ ಮಗುವನ್ನು ಸಾಕಿದ ಈ ಹೆಂಗಸಿಗೂ ಕಾರಣವಿತ್ತು ಎಂದು ಅಜ್ಜಿಗೆ ನಿಧಾನವಾಗಿ ತಿಳಿಯಿತು.

ಅಸ್ನಾಕೆಚ್ ಎದೆ ಬಡಿದುಕೊಂಡು ರಾಗ ಎತ್ತಲು ಬಾಯಿ ತೆರೆದಳು.

"ಸುಮ್ನಿರೇ ಸ್ವಲ್ಪ," ಎಂದಳು ಅಜ್ಜಿ. "ಮೊದಲು ಅವರು ಅಳಲಿ."

ಮಂಡಿಯನ್ನು ಎರಡೂ ಕೈಯಿಂದ ಹಿಡಿದು, ಮರಿಯಮ್ಮನ ಹೆಸರು ಹೇಳುತ್ತಾ ಅವಳು ನೆಲಕ್ಕೆ ಇಳಿಯತೊಡಗಿದಳು. ಹೆನ್ನೆಕೆ ಹುಡುಗಿಯನ್ನು ಬಿಡದೆಯೇ ಅತ್ತ ಸರಿದು ಜಾಗ ಮಾಡಿದಳು.