ಬುರುಲ್ಚಾ ಕಿತ್ತ ತಂತಿ

ಬಿಷ್ಕೆಕ್‌ನ ಹೆದ್ದಾರಿ ಕಚೇರಿಯ ವೆಬ್‌ಸೈಟ್ ನೋಡದೆ ಘಾಟಿಯಾಚೆಯ ಓಶ್ ಊರಿನ ಕಡೆಗೆ ಲಾರಿಗಳು ಹೊರಡುತ್ತಿರಲಿಲ್ಲ. ಘಾಟಿ ತೆರೆದಿದೆಯೋ, ಹಿಮ ಕುಸಿದು ಮುಚ್ಚಿದೆಯೋ ಅದರಲ್ಲೇ ತಿಳಿಯಬೇಕು. ಹೋದ ಚಳಿಗಾಲ ಕರೆಂಟ್ ಕೈಕೊಟ್ಟು ಸರ್ವರ್ ಮಲಗಿದಾಗ ಘಾಟಿ ಮುಚ್ಚಿದ ಸುದ್ದಿ ಯಾರಿಗೂ ಮುಟ್ಟಲಿಲ್ಲ. ಒಬ್ಬ ಚಾಲಕ ಹಿಮದಲ್ಲಿ ಸಿಕ್ಕಿ ಕಾಲ್ಬೆರಳುಗಳನ್ನು ಕಳೆದುಕೊಂಡ. ಸರ್ವರ್ ನೋಡಿಕೊಳ್ಳುವ ಬುರುಲ್ಚಾ ಹಟ ಹಿಡಿದು ಓಶ್‌ನಲ್ಲಿ ಅದಕ್ಕೆ ಜೊತೆಯಾಗಿ ಇನ್ನೊಂದು ಸರ್ವರ್ ಹಾಕಿಸಿದಳು. ಇಲ್ಲಿ ಬರೆದದ್ದೆಲ್ಲ ಅಲ್ಲಿಗೂ ನಕಲಾಗುತ್ತಿತ್ತು. ಇಲ್ಲಿಯದು ಬಿದ್ದರೆ ಅಲ್ಲಿಯದು ಹೊಣೆ ಹೊರಬೇಕು. ಹೊರುತ್ತದೆಯೇ ಎಂದು ಪರೀಕ್ಷಿಸಲು ಮಾತ್ರ ನಿರ್ದೇಶಕ ಸಗಿನ್‌ಬೆಕ್ ಬಿಡಲಿಲ್ಲ.

"ಓಡ್ತಿರೋದನ್ನ ಯಾಕಮ್ಮಾ ಕೆಣಕ್ತೀಯ? ಬಿದ್ರೆ ಮೇಲಿನೋರಿಗೆ ಉತ್ತರ ಕೊಡೋನು ನಾನು."

"ಹಿಮದಲ್ಲಿ ಕೂರೋರು ನೀವಲ್ವಲ್ಲ, ಬಾಯ್ಕೆ," ಅಣ್ಣ ಎಂದು ಕರೆಯುತ್ತಲೇ ಚುಚ್ಚಿದಳು ಬುರುಲ್ಚಾ.

ಅಂದು ಮಧ್ಯಾಹ್ನ ಅವನ ಕಣ್ಣೆದುರೇ ಅವಳು ಸರ್ವರಿನ ಕರೆಂಟ್ ತಂತಿ ಕಿತ್ತಳು.

ವೆಬ್‌ಸೈಟ್ ತುಸು ತಡವರಿಸಿ ಓಶ್‌ನಿಂದ ತೆರೆದುಕೊಂಡಿತು. ಅಷ್ಟರಲ್ಲಿ ಘಾಟಿಯ ಕಾವಲಿನ ತೊಕ್ತೊಸುನ್ ಫೋನ್ ಮಾಡಿದ.

"ಹಿಮ ಜಾರ್ತಿದೆ. ಮುಚ್ಚಿದೆ ಅಂತ ಹಾಕಿದ್ರೆ ವೆಬ್‌ಸೈಟ್ ತಗೊಳ್ತಾನೇ ಇಲ್ಲ ಕಣಕ್ಕಾ."

ಓಶ್‌ನ ಡೇಟಾಬೇಸ್ ಇನ್ನೂ ತಾನು ಬರೀ ನಕಲು ಎಂದೇ ತಿಳಿದಿತ್ತು, ಓದಿಸುತ್ತಿತ್ತು, ಬರೆಸಿಕೊಳ್ಳುತ್ತಿರಲಿಲ್ಲ. ಬುರುಲ್ಚಾ ಕೀಬೋರ್ಡಿಗೆ ಧಾವಿಸಿದಳು. ತನ್ನದೇ ತಪ್ಪು, ಅದು ತಾನಾಗಿ ಯಜಮಾನಿಕೆ ವಹಿಸುವ ಏರ್ಪಾಡನ್ನೇ ಮಾಡಿರಲಿಲ್ಲ. ಇನ್ನು ನೀನೇ ಯಜಮಾನ ಎಂದು ಅದಕ್ಕೆ ಆಜ್ಞೆ ಕೊಟ್ಟು ತಿರುಗಿದರೆ, ಸಗಿನ್‌ಬೆಕ್ ತಂತಿಯನ್ನು ಮತ್ತೆ ಚುಚ್ಚಲು ಬಗ್ಗಿದ್ದ. ಅವಳು ಅಡ್ಡ ನಿಂತು ಅದನ್ನು ಕಸಿದುಕೊಂಡಳು.

"ಈಗ ಚುಚ್ಚಿದ್ರೆ ಇದೂ ನಾನೇ ಯಜಮಾನ ಅನ್ನುತ್ತೆ. ಒಂದರಲ್ಲಿ ಘಾಟಿ ತೆರೆದಿರುತ್ತೆ, ಇನ್ನೊಂದರಲ್ಲಿ ಮುಚ್ಚಿರುತ್ತೆ. ಲಾರಿಯೋನು ಯಾವುದನ್ನ ನಂಬಬೇಕು?"

"ಹಾಕಿದೆ, ಈಗ ತಗೊಳ್ತು," ಎಂದ ಫೋನಿನಲ್ಲಿದ್ದ ತೊಕ್ತೊಸುನ್. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಘಾಟಿ ಮುಚ್ಚಿದೆ.

"ಕೀಲಿಕೈ ಇಟ್ಟು ಮನೆಗೆ ನಡಿ," ಎಂದ ಸಗಿನ್‌ಬೆಕ್.

"ನನ್ನ ಕೈ ಇಲ್ದೇನೇ ಬದಲಾಗೋ ಹಾಗೆ ಮಾಡಿ ಇಡ್ತೀನಿ. ಅಲ್ಲೀತನಕ ಕದಲಲ್ಲ. ಬಾಗಿಲ ಕಾವಲಿನೋರನ್ನ ಕರೀತೀರಾದ್ರೆ ಕರೀರಿ."

ಅವನು ಕರೆಯಲಿಲ್ಲ. ಅವಳು ಕರಾಕೊಲ್‌ನಲ್ಲಿ ಮೂರನೆಯದಾಗಿ ಒಂದು ಪುಟ್ಟ ಕಂಪ್ಯೂಟರನ್ನು ಸಾಕ್ಷಿಗೆ ಕೂರಿಸಿದಳು. ಇಲ್ಲಿಯದು ಸತ್ತಿದೆ ಎಂದು ಅದೂ ಒಪ್ಪಿದರೆ ಮಾತ್ರ ಓಶ್ ಯಜಮಾನಿಕೆ ವಹಿಸಬೇಕು. ಆಮೇಲೆ ಬಿಷ್ಕೆಕ್‌ನ ಸರ್ವರನ್ನು ಎಬ್ಬಿಸಿ ಓಶ್‌ನ ಸರ್ವರಿಗೆ ನಕಲಾಗಿ ಸೇರಿಸಿ, ಎರಡೂ ಸರಿಸಮವಾದ ಮೇಲೆ ಯಜಮಾನಿಕೆ ಹಿಂದಿರುಗಿಸಿದಳು.

ಮರುವಾರ ನಡುಹಗಲಲ್ಲೇ ಮತ್ತೆ ತಂತಿ ಕಿತ್ತಳು. ಈ ಸಲ ಕೀಬೋರ್ಡ್ ಮುಟ್ಟದೆ ಕೈಕಟ್ಟಿ ನಿಂತಳು. ತೊಕ್ತೊಸುನ್ ಬರೆದದ್ದು ತಡವಿಲ್ಲದೆ ಪರದೆಗೆ ಬಂತು.

"ತೃಪ್ತಿ ಆಯ್ತಾ?" ಬಾಗಿಲಲ್ಲೇ ನಿಂತು ಸಗಿನ್‌ಬೆಕ್ ಕೇಳಿದ.

"ಇಲ್ಲ," ಎಂದಳು ಬುರುಲ್ಚಾ. "ಬರೋ ವಾರ ಓಶ್‌ದು ಕೀಳ್ತೀನಿ."