ಖಾಲಿಯಾಗದ ಹೊಟ್ಟೆ

“ಬೆಳಿಗ್ಗೆ ಇವರಿಗೆ ಏನು ತಿನ್ನಿಸಿದ್ರಿ?”

ಎಂಡೋಸ್ಕೋಪಿ ಕೋಣೆಯಿಂದ ಹೊರಬಂದ ವೈದ್ಯೆ ಮಾಸ್ಕನ್ನು ಗಲ್ಲಕ್ಕಿಳಿಸಿ ಕೇಳಿದಳು. ಮಾಲ್‌ಸುನ್ ಧಡಕ್ಕನೆ ಎದ್ದಳು. ಮಡಿಲಲ್ಲಿದ್ದ ಗಂಡನ ಕೋಟು ನೆಲಕ್ಕೆ ಜಾರಿತು.

“ಏನೂ ಇಲ್ಲ ಡಾಕ್ಟ್ರೇ. ನಿನ್ನೆ ಸಂಜೆಯಿಂದ ಒಂದು ಅಗುಳೂ ಬಾಯಿಗೆ ಹಾಕಿಲ್ಲ. ನಾನೇ ಕಾವಲು ಕೂತಿದ್ದೆ.”

“ಅನ್ನ, ಮೊಳಕೆಕಾಳು ಎಲ್ಲಾ ಹೊಟ್ಟೇಲಿ ಹಾಗೇ ಇದೆ. ಮತ್ತು ಬರಿಸಿ ಮಲಗಿಸಿದ್ದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಿದ್ರೆ ಏನು ಗತಿ? ಅರ್ಧಕ್ಕೇ ನಿಲ್ಲಿಸಿದೀನಿ. ಕಂಡಷ್ಟು ಜಾಗ ಚೆನ್ನಾಗಿದೆ.” ಕೈಗವಸು ಕಳಚುತ್ತ ಕೇಳಿದಳು, “ತೂಕ ಇಳಿಸೋ ಇಂಜೆಕ್ಷನ್ ಏನಾದ್ರೂ ತಗೋತಾರಾ? ಅದಕ್ಕೆ ಊಟ ಬೇಗ ಕೆಳಗಿಳಿಯಲ್ಲ.”

“ಅಯ್ಯೋ, ಇಲ್ಲ. ತಾನಾಗೇ ಇಳೀತಿದಾರೆ.”

ತನ್ನದೇ ಮಾತು ಕಿವಿಗೆ ಬಿದ್ದು ಮಾಲ್‌ಸುನ್ ಮೆಲ್ಲನೆ ಕುರ್ಚಿಗೆ ಮರಳಿದಳು.

ಸರ್ಕಾರದ ಆರೋಗ್ಯ ತಪಾಸಣೆಯಲ್ಲಿ ಈ ವರ್ಷ ಬೆಸ ವರ್ಷದಲ್ಲಿ ಹುಟ್ಟಿದವರ ಸರದಿ, ಅದು ಡಿಸೆಂಬರಿಗೆ ಮುಗಿಯುತ್ತಿತ್ತು. ವರ್ಷವೆಲ್ಲ ಮುಂದೂಡಿದವರೆಲ್ಲ ಒಂದೇ ಬಗೆಯ ತಿಳಿ ಗುಲಾಬಿ ಆಸ್ಪತ್ರೆ ಬಟ್ಟೆ ತೊಟ್ಟು ಹಾಲ್ ತುಂಬ ಕೂತಿದ್ದರು. ಪಕ್ಕದ ಹೆಂಗಸು ಕೋಟು ಎತ್ತಿಕೊಡುತ್ತ ನಕ್ಕಳು. “ಕದ್ದು ನೂಡಲ್ಸ್ ತಿಂದಿರ್ತಾರೆ ಬಿಡಿ ಅಕ್ಕಾ. ನಮ್ಮನೇದೂ ಅಂಥದ್ದೇ ಒಂದು ಗಿರಾಕಿ.”

ಮಾಲ್‌ಸುನ್‌ಗೆ ನಗು ಬರಲಿಲ್ಲ. ಕದ್ದು ತಿಂದಿದ್ದರೆ ಅವಳು ಹಬ್ಬ ಮಾಡುತ್ತಿದ್ದಳು. ವಸಂತದಿಂದ ಗಂಡ ಕಿಬೊಂಗ್ ಅರ್ಧ ಬಟ್ಟಲಿಗೇ ಚಮಚ ಕೆಳಗಿಡುತ್ತಿದ್ದ. ಸಿಟಿ ಬಸ್ ಓಡಿಸುವಾಗ ಸ್ಟಿಯರಿಂಗಿಗೆ ತಾಗುತ್ತಿದ್ದ ಹೊಟ್ಟೆ ಕರಗಿತ್ತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಕೊರೆದುಕೊಂಡಿದ್ದ. ಗಂಡನ ಅಣ್ಣ, ಅವಳ ಭಾವನವರೂ ಹೀಗೇ ಚಮಚ ಕೆಳಗಿಡಲು ಶುರುಮಾಡಿದ್ದು. ಆಮೇಲೆ ಅವರ ಹೊಟ್ಟೆಯಲ್ಲಿ ಗೆಡ್ಡೆ ಸಿಕ್ಕಿತು. ಆ ರೋಗದ ಹೆಸರನ್ನು ಇವಳು ಗಂಡನ ಮುಂದೆ ಒಮ್ಮೆಯೂ ಎತ್ತಿರಲಿಲ್ಲ. ಗಂಜಿ ಬದಲಿಸಿದಳು, ಸಾರು ಬದಲಿಸಿದಳು. ಅವನು ‘ಚೆನ್ನಾಗಿದೆ’ ಎನ್ನುತ್ತ ಬಟ್ಟಲು ಸರಿಸುತ್ತಿದ್ದ.

ಒಳಗೆ ಚೇತರಿಕೆ ಕೋಣೆಯ ಮಂಚದ ಮೇಲೆ ಕಿಬೊಂಗ್ ಅರೆಗಣ್ಣು ಬಿಟ್ಟು ಮಲಗಿದ್ದ. ಮದ್ದಿನ ಮತ್ತು ಪೂರ್ತಿ ಇಳಿದಿರಲಿಲ್ಲ. ಅವಳು ಬಾಗಿ, ಬೇರೆ ಯಾರೋ ಕೇಳಿದಂತೆ ಮೆಲ್ಲಗೆ ಕೇಳಿದಳು. “ಇಂಜೆಕ್ಷನ್ ತಗೋತೀರಾ?”

“ಹೂಂ ಸಿಸ್ಟರ್. ಹೊಟ್ಟೆಗೆ.” ಅವನ ನಾಲಿಗೆ ತೊದಲಿತು. “ಸೊಯಂಗ್ ಅಮ್ಮಂಗೆ, ನನ್ನ ಹೆಂಡ್ತಿಗೆ, ಹೇಳ್ಬೇಡಿ.”

“ಯಾಕೆ?”

“ಬೇಜಾರು ಮಾಡ್ಕೋತಾಳೆ. ಬೆಳಗಿಂದ ನಿಂತು ಅಡುಗೆ ಮಾಡ್ತಾಳೆ... ಗಂಡನಿಗೆ ಹಸಿವೇ ಆಗದ ಹಂಗೆ ಮದ್ದು ಚುಚ್ಕೋತೀನಿ ಅಂದ್ರೆ... ಕಂಪನಿ ಡಾಕ್ಟ್ರು ಸಕ್ಕರೆ ಜಾಸ್ತಿ ಅಂದ್ರು. ಹಿಂಗೇ ಆದ್ರೆ ಬಸ್ಸಿಂದ ಇಳೀಬೇಕಾಗುತ್ತೆ ಅಂತ.”

“ಎಲ್ಲಿಟ್ಟಿದೀರಿ?”

“ಕಿಮ್ಚಿ ಉಪ್ಪಿನಕಾಯಿ ಇಡೋ ಫ್ರಿಜ್ಜಲ್ಲಿ. ತಳದ ಡಬ್ಬಿ, ಅತ್ತಿಗೆ ಕೊಟ್ಟ ಸಾಸಿವೆ ಸೊಪ್ಪಿನ ಕಿಮ್ಚಿ... ಅದನ್ನ ಅವಳು ಮುಟ್ಟಲ್ಲ.”

ಮಾಲ್‌ಸುನ್ ಮಂಚದ ಕಂಬಿ ಹಿಡಿದುಕೊಂಡಳು. ಗಂಟಲಿನಿಂದ ನಗುವೋ ಅಳುವೋ ತಿಳಿಯದ ಸದ್ದೊಂದು ಹೊರಬಂತು. ಪರದೆಯಾಚೆ ಯಾರೋ ಕೆಮ್ಮಿದರು. ಅಂಗೈಯಿಂದ ಅವನ ಭುಜಕ್ಕೊಂದು ಬಾರಿಸಿದಳು.

“ಸಾಯ್ತೀರಿ ಅನ್ಕೊಂಡಿದ್ದೆ ಕಣ್ರೀ! ನಿಮ್ಮಣ್ಣನ ಹಂಗೇ ಹೋಗ್ತೀರಿ ಅಂತ!”

ಅವನ ಕಣ್ಣುಗಳು ಪೂರ್ತಿ ತೆರೆದವು. ಎದುರಿಗಿರುವುದು ನರ್ಸ್ ಅಲ್ಲವೆಂದು ತಿಳಿಯಲು ಕೊಂಚ ಹೊತ್ತು ಹಿಡಿಯಿತು.

“ಸೊಯಂಗ್ ಅಮ್ಮಾ...”

“ಮಾತಾಡ್ಬೇಡಿ.”

ವೈದ್ಯೆಗೆ ಅವಳೇ ಎಲ್ಲ ಹೇಳಿದಳು. ರಕ್ತ, ಸ್ಕ್ಯಾನಿಂಗ್ ಎಲ್ಲ ಸರಿಯಿತ್ತು, ಸಕ್ಕರೆಯೂ ಇಳಿದಿತ್ತು. ಇಂಜೆಕ್ಷನ್ ಬರೆದುಕೊಟ್ಟವರನ್ನು ಕೇಳಿ, ಕೆಲವು ವಾರ ನಿಲ್ಲಿಸಿ, ಉಳಿದರ್ಧ ನೋಡಿಸಿಕೊಳ್ಳಲು ಮತ್ತೆ ಬರಬೇಕಿತ್ತು. “ಮುಂದಿನ ಸಲ ಬಾಯ್ಬಿಟ್ಟು ಹೇಳ್ರಪ್ಪ,” ಎಂದಳು ವೈದ್ಯೆ. ಕಿಬೊಂಗ್ ಶಾಲೆಯ ಹುಡುಗನಂತೆ ತಲೆ ಬಾಗಿಸಿದ.

ಹೊರಗೆ ಬಿಸಿಲಿತ್ತು, ಚಳಿಯೂ ಇತ್ತು. ಬಸ್ಸಿನಲ್ಲಿ ಅವನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಚಾಲಕ ಪರಿಚಯದವನು. “ಏನಣ್ಣಾ, ಇವತ್ತು ಸಾಹೇಬ್ರ ಹಂಗೆ ಹಿಂದೆ ಕೂತಿದೀರಿ?” ಎಂದು ಕೂಗಿದ. ಕಿಬೊಂಗ್ ಕೈ ಎತ್ತಿದ. ಸೇತುವೆ ದಾಟುವ ಹೊತ್ತಿಗೆ ಅವನಿಗೆ ಮತ್ತೆ ಮಂಪರು ಹತ್ತಿತು. ತಿರುವಿನಲ್ಲಿ ಅವನ ತಲೆ ಅವಳ ಹೆಗಲಿಗೆ ಬಂದು ಬಿತ್ತು. ಕಲ್ಲಿನಂತೆ ಭಾರವಾಗಿತ್ತು. ಮಾಲ್‌ಸುನ್ ಹೆಗಲನ್ನು ಕೊಂಚ ತಗ್ಗಿಸಿ, ಅಲುಗದೆ ಕೂತಳು.